ಅಭ್ಯಾಸವೆಂಬ ಏರಿ

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಜಗಳೂರು, ಹೊನ್ನಾಳಿ, ಚನ್ನಗಿರಿ ಮತ್ತು ನ್ಯಾಮತಿ ಎಂಬ ನಾಲ್ಕು ಸೇರಿವೆ. 1997ರಲ್ಲಿ ಜಿಲ್ಲೆ ರೂಪುಗೊಂಡಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಸ್ವತಂತ್ರ ತಾಲ್ಲೂಕಾಯಿತು. ಆಡಳಿತ ಒಂದೇ ಆದರೂ ನೀರಿನ ಭಾಗ್ಯದಲ್ಲಿ ಇವುಗಳ ಬಗೆ ಬೇರೆ ಬೇರೆ. ಒಂದು, ಮಳೆಗಾಗಿ ಮುಗಿಲು ನೋಡುವ ನೆಲ. ಒಂದು, ತುಂಬಿದ ಹೊಳೆಯ ದಂಡೆ. ಒಂದು, ಹಿರಿಯ ಕೆರೆಯ ಆಸರೆ ಪಡೆದ ನಾಡು. ಮತ್ತೊಂದು, ಬೆಟ್ಟದ ಮಡಿಲಿನಲ್ಲಿ ಬತ್ತದ ಒರತೆಯನ್ನು ಇಟ್ಟುಕೊಂಡ ಸೀಮೆ. ಈ ನಾಲ್ಕು ಬಗೆಯ ನೀರನ್ನು ಗಮನಿಸಿ ನೋಡಿದವನಿಗೆ ಮನುಷ್ಯನ ಮನಸ್ಸಿನ ವಿಷಯದಲ್ಲಿಯೂ ಒಂದು ಮುಖ್ಯವಾದ ಸಂಗತಿ ತಿಳಿದೀತು.

ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುವ ಮಾತೊಂದುಂಟು: “ಓದಬೇಕೆಂಬ ಆಸೆಯೇನೋ ಇದೆ, ಆದರೆ ಮನಸ್ಸು ಬರುತ್ತಿಲ್ಲ.” ಓದಿನ ವಿಷಯದಲ್ಲಿ ಮಾತ್ರವಲ್ಲ, ಬೆಳಗ್ಗೆ ಬೇಗ ಏಳುವುದರಲ್ಲಿ, ವ್ಯಾಯಾಮದಲ್ಲಿ, ಹಾಡಿಕೆಯಲ್ಲಿ, ತಾಯಿಯ ಕೆಲಸಕ್ಕೆ ಕೈಗೂಡಿಸುವುದರಲ್ಲಿ, ಎಲ್ಲದರಲ್ಲಿಯೂ ಇದೇ ಮಾತು. ಹೇಳುವವನು ಸುಳ್ಳಾಡುತ್ತಿಲ್ಲ. ಯುಗಾದಿಯ ದಿನ ಕೈಗೊಂಡ ನಿರ್ಧಾರ ಒಂದು ವಾರವೂ ಬಾಳದೆ ಹೋದಾಗ ಅವನಿಗೆ ನಿಜವಾಗಿಯೂ ನೋವಾಗುತ್ತದೆ. ಒಂದೆರಡು ಬಾರಿ ಹೀಗಾದ ಮೇಲೆ ‘ಇವನು ಸೋಮಾರಿ’ ಎಂದು ಇತರರು ಹೇಳತೊಡಗುತ್ತಾರೆ. ಕಾಲಕ್ರಮದಲ್ಲಿ ಅವನೂ ಅದನ್ನು ನಂಬುತ್ತಾನೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ತನ್ನ ಬಗ್ಗೆ ತಾನೇ ಹೀಗೆ ತೀರ್ಪು ಕೊಟ್ಟುಕೊಂಡ ಹುಡುಗ ಅಥವಾ ಹುಡುಗಿ ಮುಂದೆ ಪ್ರಯತ್ನವನ್ನೇ ಕೈಬಿಡುವ ಅಪಾಯವಿದೆ. ಆದುದರಿಂದ ಆ ತೀರ್ಪು ಸರಿಯೇ ಎಂದು ವಿಚಾರಿಸುವುದು ಅವಶ್ಯಕ. ಅದು ಸರಿಯಲ್ಲ. ಕೊರತೆ ಇರುವುದು ಸಾಮಾನ್ಯವಾಗಿ ಹುರುಪಿನಲ್ಲಲ್ಲ. ಬಂದ ಹುರುಪನ್ನು ಹಿಡಿದಿಡುವ ಏರ್ಪಾಟಿನಲ್ಲಿ.

ಇದನ್ನು ಜಗಳೂರಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಬಯಲು ಸೀಮೆ. ಮಳೆ ಕಡಿಮೆ, ಅದೂ ಅನಿಶ್ಚಿತ. ದಿನಗಟ್ಟಲೆ ಕಾಯಿಸಿದ ಮಳೆ ಒಂದು ಸಂಜೆ ಗುಡುಗಿನೊಡನೆ ಬಂದು ಅರ್ಧ ಗಂಟೆಯಲ್ಲಿ ಸುರಿದು ಹೋಗುತ್ತದೆ. ಇಳಿಜಾರಿನ ಹೊಲಕ್ಕೆ ಬದು ಇಲ್ಲದಿದ್ದರೆ ಆ ನೀರು ನಿಲ್ಲುವುದಿಲ್ಲ; ಹೋಗುವಾಗ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕಾಗಿಯೇ ಅನುಭವಿಯಾದ ಒಕ್ಕಲಿಗನು ಬೇಸಿಗೆಯ ಬಿಸಿಲಿನಲ್ಲಿ, ಮುಗಿಲಿನಲ್ಲಿ ಒಂದು ತುಣುಕು ಮೋಡವೂ ಇಲ್ಲದಿರುವಾಗ, ಬದುವನ್ನು ಸರಿಪಡಿಸುತ್ತಾನೆ. ಅನುಕೂಲವಿದ್ದರೆ ಕೃಷಿಹೊಂಡವನ್ನೂ ತೋಡಿಸುತ್ತಾನೆ. ಮಳೆ ಬಂದ ಮೇಲೆ ಬದು ಕಟ್ಟಹೊರಟವನಿಗೆ ಕೆಸರು ಸಿಕ್ಕೀತೇ ಹೊರತು ನೀರು ಸಿಕ್ಕದು.

ಮನಸ್ಸಿನ ಹುರುಪೂ ಬಯಲು ಸೀಮೆಯ ಮಳೆಯಂತೆಯೇ. ಒಬ್ಬ ಸಾಧಕನ ಕಥೆ ಕೇಳಿದಾಗ, ಗೆಳೆಯನಿಗೆ ಬಹುಮಾನ ಬಂದಾಗ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ ಅವಮಾನವಾದಾಗ ಅದು ಒಮ್ಮೆಗೇ ಸುರಿಯುತ್ತದೆ. ಮರುದಿನ ಆಕಾಶ ಬರಿದು. ಅದನ್ನು ಬರಿಸುವುದು ಯಾರ ವಶದಲ್ಲಿಯೂ ಇಲ್ಲ. ಆದರೆ ಬದು ಹಾಕುವುದು ಮನುಷ್ಯನ ವಶದಲ್ಲಿದೆ. ‘ಪ್ರತಿದಿನ ಸಂಜೆ ಕೈಕಾಲು ತೊಳೆದುಕೊಂಡ ಕೂಡಲೆ, ಪಡಸಾಲೆಯ ಇದೇ ಮೂಲೆಯಲ್ಲಿ ಕುಳಿತು ಎರಡು ಪುಟ ಓದುವುದು’ ಎಂಬ ಸಣ್ಣ ನೇಮವೇ ಆ ಬದು. ಅಲ್ಲಿ ಹೊತ್ತು ನಿಶ್ಚಿತ, ಸ್ಥಳ ನಿಶ್ಚಿತ, ಅಳತೆ ನಿಶ್ಚಿತ. ಮನಸ್ಸು ಬಂದಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ಎರಡು ಪುಟವೆಂದರೆ ತೀರ ಅಲ್ಪವೆಂದು ನಗುವವರಿರಬಹುದು. ವರ್ಷಕ್ಕೆ 365 ದಿನಗಳಂತೆ ಅದು 730 ಪುಟವಾಗುತ್ತದೆ. ಎಂದರೆ ಸಾಧಾರಣ ಗಾತ್ರದ ಮೂರು ನಾಲ್ಕು ಪುಸ್ತಕಗಳು. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಪಠ್ಯದ ಹೊರಗೆ ಹತ್ತು ಒಳ್ಳೆಯ ಪುಸ್ತಕಗಳನ್ನು ಓದಿ ಮುಗಿಸಿದ ವಿದ್ಯಾರ್ಥಿ ಎಷ್ಟು ಮಂದಿ ಇದ್ದಾರು? ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಬಾಯಲ್ಲಿ ಹೇಳುವವರು ಬಹಳ. ಲೆಕ್ಕ ಹಾಕಿ ನೋಡಿದವರು ಕಡಿಮೆ.

ಹುರುಪು ಕಡಿಮೆಯಾದರೆ ಒಂದು ಕಷ್ಟ. ಮೇರೆ ಮೀರಿದರೆ ಇನ್ನೊಂದು ಕಷ್ಟ. ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎಂಬ ಹೆಸರು ತಳೆದು, ಹೊನ್ನಾಳಿಯ ಮಗ್ಗುಲಲ್ಲಿ ಹರಿದು ಹರಿಹರದ ಕಡೆಗೆ ಸಾಗುತ್ತವೆ. ದಡಗಳ ನಡುವೆ ಹರಿಯುವವರೆಗೆ ಹೊಳೆ ತಾಯಿ. ಗದ್ದೆಗೆ ನೀರು, ದನಕರುಗಳಿಗೆ ನೀರು, ಊರಿಗೆ ನೀರು. ಘಟ್ಟದ ಮೇಲೆ ಮುಂಗಾರು ಬಿರುಸಾದ ವರ್ಷಗಳಲ್ಲಿ ಅದೇ ಹೊಳೆ ಉಕ್ಕಿ ದಂಡೆಯ ತಗ್ಗು ಬೀದಿಗಳಿಗೆ ನುಗ್ಗುತ್ತದೆ. ಜನ ಪಾತ್ರೆಪಗಡಗಳನ್ನು ಹೊತ್ತುಕೊಂಡು ಮೇಲಿನ ನೆಲೆಗೆ ಹೋಗಬೇಕಾಗುತ್ತದೆ. ನೆರೆ ಇಳಿದ ಮೇಲೆ ಉಳಿಯುವುದು ಕೆಸರು ಮತ್ತು ಬಳಲಿಕೆ.

ಹೊಸ ನಿರ್ಧಾರ ಮಾಡಿದ ವಿದ್ಯಾರ್ಥಿಯ ಮೊದಲ ದಿನವೂ ಹಲವೊಮ್ಮೆ ಇಂಥ ನೆರೆಯೇ. ಬೆಳಗಿನ ನಾಲ್ಕು ಗಂಟೆಯಿಂದ ರಾತ್ರಿಯ ಹನ್ನೊಂದರವರೆಗೆ ಬಣ್ಣ ಬಣ್ಣದ ಗೆರೆ ಎಳೆದು ವೇಳಾಪಟ್ಟಿ ಸಿದ್ಧವಾಗುತ್ತದೆ. ಅದರಲ್ಲಿ ಆಟಕ್ಕೆ ಎಡೆಯಿಲ್ಲ, ನಿದ್ದೆಗೆ ಕರುಣೆಯಿಲ್ಲ. ಮೊದಲನೆಯ ದಿನ ಎಲ್ಲವೂ ನಡೆಯುತ್ತದೆ. ಎರಡನೆಯ ದಿನ ಅರ್ಧ. ಮೂರನೆಯ ದಿನ ಜ್ವರವೋ ಜಗಳವೋ ನೆಪವಾಗಿ ಎಲ್ಲವೂ ನಿಲ್ಲುತ್ತದೆ. ಹಿರಿಯರು ಇದನ್ನು ಆರಂಭಶೂರತ್ವವೆಂದು ಕರೆದರು. ಆರಂಭದಲ್ಲಿ ಶೂರನಾಗುವುದು ಸುಲಭ. ಹತ್ತನೆಯ ದಿನ, ನೂರನೆಯ ದಿನ ಸಾಧಾರಣ ಮನುಷ್ಯನಾಗಿ ಕೆಲಸಕ್ಕೆ ಕೂರುವುದು ಕಷ್ಟ. ನಿಜವಾದ ಶೌರ್ಯ ಬೇಕಾಗಿರುವುದು ಅಲ್ಲಿ.

ಮಳೆಯನ್ನು ಕಾದಿಟ್ಟುಕೊಂಡು ವರ್ಷಪೂರ್ತಿ ಬಾಳುವುದು ಹೇಗೆಂಬುದಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಉತ್ತರ ಹೇಳುತ್ತದೆ. ಶಾಂತಿಸಾಗರವೆಂಬ ಹೆಸರೂ ಇದಕ್ಕುಂಟು. ಶಾಂತವ್ವೆ ಎಂಬಾಕೆ ಇದನ್ನು ಕಟ್ಟಿಸಿದಳೆಂಬ ಐತಿಹ್ಯ ಆ ಸೀಮೆಯ ಜನರ ನಾಲಗೆಯ ಮೇಲೆ ಇಂದಿಗೂ ಇದೆ. ಏಷ್ಯಾದ ಅತಿ ದೊಡ್ಡ ಕೆರೆಗಳಲ್ಲಿ ಎರಡನೆಯದೆಂಬ ಖ್ಯಾತಿ ಇದಕ್ಕೆ ಬಂದಿದೆ. ತುಂಬಿದಾಗ ಇದರ ನೀರಿನ ಹರವು ಆರು ಸಾವಿರ ಎಕರೆಗೂ ಮಿಗಿಲು. ಇಷ್ಟು ದೊಡ್ಡ ಕೆರೆಗೆ ಏರಿಯೂ ಮೈಲಿಗಟ್ಟಲೆ ಉದ್ದವಿರಬೇಕೆಂದು ನೋಡಹೋದವರು ಭಾವಿಸುತ್ತಾರೆ. ಸಂಗತಿ ಹಾಗಿಲ್ಲ. ಸುತ್ತಲೂ ಗುಡ್ಡಗಳು; ಅವುಗಳ ನಡುವೆ ಹರಿದ್ರಾ ಹಳ್ಳ ನುಸುಳಿ ಹೋಗುವ ಇಕ್ಕಟ್ಟಾದ ಒಂದು ಕಣಿವೆ. ಆ ಕಣಿವೆಯ ಬಾಯಿಗೆ ಅಡ್ಡಲಾಗಿ ಮಾತ್ರ ಬಲವಾದ ಮಣ್ಣಿನ ಏರಿಯನ್ನು ಕಟ್ಟಲಾಗಿದೆ. ಏರಿ ಚಿಕ್ಕದು, ಕೆರೆ ಹಿರಿದು. ಎಲ್ಲಿ ಕಟ್ಟಬೇಕೆಂಬುದನ್ನು ಅರಿತು ಕಟ್ಟಿದ್ದೇ ಕಟ್ಟಿದವರ ಜಾಣ್ಮೆ.

ಇದರಿಂದ ತಿಳಿಯುವ ನೀತಿ ದೊಡ್ಡದು. ದಿನದ ಇಪ್ಪತ್ತನಾಲ್ಕು ಗಂಟೆಗೂ ಬೇಲಿ ಹಾಕಹೊರಟವನು ಸೋಲುತ್ತಾನೆ. ದಿನದಲ್ಲಿ ಎಲ್ಲಿಂದ ಹೊತ್ತು ಸೋರಿಹೋಗುತ್ತದೆಯೋ ಆ ಒಂದು ಕಣಿವೆಯನ್ನು ಗುರುತಿಸಿ ಅಲ್ಲಿ ಮಾತ್ರ ಏರಿ ಕಟ್ಟಿದರೆ ಸಾಕು. ಈಗಿನ ಮನೆಗಳಲ್ಲಿ ಆ ಕಣಿವೆ ಬಹುಮಟ್ಟಿಗೆ ಕೈಯಲ್ಲಿರುವ ಮೊಬೈಲೇ ಆಗಿದೆ. ಐದು ನಿಮಿಷವೆಂದು ತೆರೆದದ್ದು ಒಂದು ಗಂಟೆಯನ್ನು ನುಂಗುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ‘ನೋಡುವುದಿಲ್ಲ’ ಎಂದು ಮನಸ್ಸಿನೊಡನೆ ಹೋರಾಡುವುದಕ್ಕಿಂತ, ಓದುವ ಹೊತ್ತಿನಲ್ಲಿ ಅದನ್ನು ಬೇರೆ ಕೋಣೆಯಲ್ಲಿ ಇಟ್ಟುಬರುವುದು ಬುದ್ಧಿವಂತಿಕೆ. ಆಗ ಹೋರಾಟದ ಪ್ರಸಂಗವೇ ಬರುವುದಿಲ್ಲ.

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿರುವುದು ಗಮನಾರ್ಹ. ಕಲಿಕೆಯೂ ಅಭ್ಯಾಸ, ರೂಢಿಯೂ ಅಭ್ಯಾಸ. ಕಲಿಯುವುದೆಂದರೆ ಮತ್ತೆ ಮತ್ತೆ ಮಾಡುವುದು, ಮತ್ತೆ ಮತ್ತೆ ಮಾಡಿದ್ದು ಮೈಗೂಡುವುದು ಎಂಬ ತಿಳಿವು ಆ ಶಬ್ದದಲ್ಲಿಯೇ ಅಡಗಿದೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ ಅಭ್ಯಾಸಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ನಿತ್ಯದ ಸಣ್ಣ ಕೆಲಸಗಳನ್ನು ಎಷ್ಟು ಹೆಚ್ಚಾಗಿ ಅಭ್ಯಾಸಕ್ಕೆ ಒಪ್ಪಿಸಿದರೆ ಮನಸ್ಸು ಅಷ್ಟು ಹೆಚ್ಚಾಗಿ ಹಿರಿಯ ಕೆಲಸಗಳಿಗೆ ಬಿಡುವಾಗುತ್ತದೆ ಎಂಬುದು ಅವನ ಅಭಿಪ್ರಾಯ. ‘ಏಳಲೋ ಬೇಡವೋ, ಓದಲೋ ಬೇಡವೋ’ ಎಂದು ದಿನವೂ ತೂಗುಯ್ಯಾಲೆಯಾಡುವವನ ಶಕ್ತಿಯೆಲ್ಲ ಆ ತೂಗಾಟದಲ್ಲಿಯೇ ಕಳೆದುಹೋಗುತ್ತದೆ.

ಒಂದು ಕೆಲಸ ಅಭ್ಯಾಸವಾಗಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕೆಂದು ಹಲವರು ಹೇಳುವುದುಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಹನ್ನೆರಡು ವಾರಗಳ ಕಾಲ ಗಮನಿಸಿ, ಅದರ ಫಲವನ್ನು 2010ರಲ್ಲಿ ಅಚ್ಚುಮಾಡಿದರು. ಪ್ರತಿಯೊಬ್ಬರೂ ತಾವೇ ಆರಿಸಿಕೊಂಡ ಒಂದು ಸಣ್ಣ ಕೆಲಸವನ್ನು ದಿನವೂ ಒಂದೇ ಸಂದರ್ಭದಲ್ಲಿ ಮಾಡಬೇಕಾಗಿತ್ತು. ಆ ಕೆಲಸ ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳವರೆಗೂ ಬೇಕಾದೀತೆಂದು ಲೆಕ್ಕದಿಂದ ಕಂಡುಬಂತು. ನಡುವಣ ಲೆಕ್ಕ 66 ದಿನ. ಹಾಗಾದರೆ ಮೂರು ವಾರದಲ್ಲಿ ಅಭ್ಯಾಸವಾಗಲಿಲ್ಲವೆಂದು ಎದೆಗುಂದುವ ಕಾರಣವೇ ಇಲ್ಲ. ಅದೇ ಸಂಶೋಧನೆಯಿಂದ ತಿಳಿದ ಇನ್ನೊಂದು ಸಂಗತಿ ಇನ್ನೂ ಸಮಾಧಾನಕರವಾದುದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ. ಏರಿಯಲ್ಲಿ ಒಂದು ಬಿರುಕು ಕಂಡರೆ ಊರಿನವರು ಕೆರೆಯನ್ನೇ ಬಿಟ್ಟು ಹೋಗುವರೇ? ಮರುದಿನವೇ ಹಾರೆ ಗುದ್ದಲಿ ಹಿಡಿದು ಬಂದು ಮುಚ್ಚುತ್ತಾರೆ. ತಪ್ಪಿದ ದಿನದ ಮರುದಿನವೇ ಅಭ್ಯಾಸದ ನಿಜವಾದ ಪರೀಕ್ಷೆಯ ದಿನ.

ಇಂಥ ಎಡೆಬಿಡದ ದುಡಿಮೆಯಿಂದ ಆಗುವ ಕೆಲಸಕ್ಕೆ ಕನ್ನಡಿಗರ ಕಣ್ಣ ಮುಂದೆಯೇ ಒಂದು ನಿದರ್ಶನವಿದೆ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದದ್ದು 1894ರಲ್ಲಿ. ಒಂದು ದಿನದ ಹುರುಪಿನಿಂದ ನಿಘಂಟು ಹುಟ್ಟುವುದಿಲ್ಲ. ಪದವೊಂದನ್ನು ಕೇಳುವುದು, ಬರೆದಿಡುವುದು, ಅರ್ಥವನ್ನು ಪರೀಕ್ಷಿಸುವುದು ಎಂಬ ಸಾದಾ ಕೆಲಸವನ್ನು ವರ್ಷಗಟ್ಟಲೆ ಮಾಡಿದವನಿಗೆ ಮಾತ್ರ ಅದು ಸಾಧ್ಯ.

ಆದರೆ ಕೆರೆಗೆ ಏರಿಯೊಂದಿದ್ದರೆ ಸಾಲದು, ತೂಬೂ ಬೇಕು. ಸೂಳೆಕೆರೆಗೆ ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿವೆ. ಕೆರೆಯ ನೀರು ಹೊಲಗದ್ದೆಗಳಿಗೆ ಹರಿಯುತ್ತದೆ. ದೂರದ ಚಿತ್ರದುರ್ಗಕ್ಕೂ ಕುಡಿಯುವ ನೀರಾಗಿ ಹೋಗುತ್ತದೆ. ತೂಬಿಲ್ಲದ ಕೆರೆ ಎಷ್ಟೇ ತುಂಬಿದ್ದರೂ ಅದರಿಂದ ಒಂದು ತೆನೆಯೂ ಬೆಳೆಯದು. ‘ಅಭ್ಯಾಸ ಮನುಷ್ಯನನ್ನು ಯಂತ್ರವಾಗಿಸುತ್ತದೆ’ ಎಂದು ಆಕ್ಷೇಪಿಸುವವರ ಮಾತಿನಲ್ಲಿಯೂ ಇಷ್ಟರಮಟ್ಟಿಗೆ ಸತ್ಯವಿದೆ. ಅಂಕಗಳಿಗಾಗಿ ಮಾತ್ರ ನಿತ್ಯವೂ ಬಾಯಿಪಾಠ ಮಾಡುತ್ತ, ನೆರೆಮನೆಯ ಅಜ್ಜಿಯ ಪತ್ರವನ್ನು ಓದಿ ಹೇಳಲು ಬಿಡುವಿಲ್ಲವೆನ್ನುವವನ ಅಭ್ಯಾಸ ತೂಬಿಲ್ಲದ ಕೆರೆಯೇ ಸರಿ. ಓದು ವಿವೇಕವಾಗಿ ಹರಿಯಬೇಕು. ವ್ಯಾಯಾಮ ದುಡಿಯುವ ಮೈಯಾಗಿ ಹರಿಯಬೇಕು. ಸಮಯಪಾಲನೆ ಇತರರನ್ನು ಕಾಯಿಸದ ಸೌಜನ್ಯವಾಗಿ ಹರಿಯಬೇಕು. ಬದುಕು ತುಂಬುವುದೆಂದರೆ ಅದೇ. ಹೆಚ್ಚಾದ ನೀರು ಹೊರಹೋಗಲು ಕೆರೆಗೆ ಕೋಡಿಯೂ ಇರುವಂತೆ, ದಿನದಲ್ಲಿ ಆಟಕ್ಕೂ ಹರಟೆಗೂ ಎಡೆಯಿರಬೇಕು. ಕೋಡಿಯಿಲ್ಲದ ಏರಿ ಒಡೆಯುತ್ತದೆ.

ಕೆರೆಗೆ ಹೂಳಿನ ಭಯವೂ ಉಂಟು. ಹೂಳನ್ನು ಯಾರೂ ಬುಟ್ಟಿಯಲ್ಲಿ ತಂದು ಸುರಿಯುವುದಿಲ್ಲ. ಪ್ರತಿ ಮಳೆಯೊಡನೆ ಅದು ತಾನಾಗಿಯೇ ಬಂದು ತಳದಲ್ಲಿ ಕೂರುತ್ತದೆ. ದುಶ್ಚಟಗಳೂ ಹೀಗೆಯೇ. ಒಂದು ಸುಳ್ಳು, ಒಂದು ದಿನದ ಕೆಲಸಗಳ್ಳತನ, ಗೆಳೆಯರ ಒತ್ತಾಯಕ್ಕೆ ಬಾಯಿಗೆ ಹಾಕಿಕೊಂಡ ಒಂದು ಚಿಟಿಕೆ ತಂಬಾಕು, ಇವು ಬಂದದ್ದೇ ತಿಳಿಯುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಎಚ್ಚರಿಸಿದ್ದು ಇದಕ್ಕಾಗಿಯೇ. ಆದರೂ ಹೂಳು ತುಂಬಿದ ಕೆರೆಯ ಹೂಳನ್ನೂ ಎತ್ತಬಹುದು. ಆಗ ಆಗುವ ಶ್ರಮ ಹೆಚ್ಚು, ಅಷ್ಟೆ.

ಇಲ್ಲಿ ಇನ್ನೊಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕಾಗುತ್ತದೆ. ನಿಶ್ಚಿತವಾದ ಹೊತ್ತು, ನಿಶ್ಚಿತವಾದ ಮೂಲೆ ಎಂಬುದೆಲ್ಲ ಅನುಕೂಲವಿರುವ ಮನೆಯ ಮಕ್ಕಳಿಗೆ ಸರಿ. ಶಾಲೆ ಬಿಟ್ಟ ಮೇಲೆ ಕೊಡ ಹಿಡಿದು ನೀರಿಗೆ ಹೋಗುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಕೂಲಿಯಿಂದ ತಾಯಿ ಬರುವಷ್ಟರಲ್ಲಿ ಒಲೆ ಹೊತ್ತಿಸುವ ಹುಡುಗಿಗೆ ಯಾವ ಹೊತ್ತಿದೆ? ಅಂಥವಳನ್ನು ಕುರಿತು ‘ಶಿಸ್ತು ಇಲ್ಲ’ ಎನ್ನುವುದು ಅನ್ಯಾಯ. ದಿನವೂ ತಪ್ಪದೆ ಅಷ್ಟು ಕೆಲಸವನ್ನು ಹೊತ್ತುಹೊತ್ತಿಗೆ ಮಾಡುವವಳಲ್ಲಿ ಇರುವಷ್ಟು ಶಿಸ್ತು ಬೇರೆ ಯಾರಲ್ಲಿದೆ? ಅವಳಿಗೆ ಇಲ್ಲದಿರುವುದು ಮನೋಬಲವಲ್ಲ; ಬಿಡುವು, ಬೆಳಕು, ಪುಸ್ತಕ. ಅವನ್ನು ಒದಗಿಸುವ ಹೊಣೆ ಮನೆಯದು, ಊರಿನದು, ಸರ್ಕಾರದ್ದು. ಮನೆಗೆಲಸವನ್ನು ಅಣ್ಣತಮ್ಮಂದಿರೂ ಹಂಚಿಕೊಂಡರೆ ಅವಳಿಗೆ ಅರ್ಧ ಗಂಟೆ ಸಿಕ್ಕೀತು. ಸಂಜೆಯ ಒಂದು ಗಂಟೆ ದೂರದರ್ಶನವನ್ನು ನಿಲ್ಲಿಸಿದರೆ ಒಂದೇ ಕೋಣೆಯ ಮನೆಯಲ್ಲಿಯೂ ಓದಲು ಎಡೆಯಾದೀತು. ಕರ್ನಾಟಕದಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳ ಬಾಗಿಲನ್ನು ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವದೊಡನೆ ತೆರೆಯಲಾಯಿತು. ಬಾಗಿಲು ತೆರೆದರೆ ಸಾಲದು. ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಅಲ್ಲಿಗೆ ಹೋಗಿ ಕುಳಿತು ಓದುವುದು ಊರಿನ ರೂಢಿಯೇ ಆಗಬೇಕು.

ಜೊತೆಯವರಿದ್ದಾಗ ಕಠಿಣವಾದ ನೇಮವೂ ಹಗುರವಾಗುತ್ತದೆ ಎಂಬುದನ್ನು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಕಾಣಬಹುದು. ಅದು 1739ರಲ್ಲಿ ಸಂತ ಸೇವಾಲಾಲರು ಜನಿಸಿದರೆಂದು ಬಂಜಾರ ಸಮುದಾಯದವರು ನಂಬಿರುವ ಪುಣ್ಯಸ್ಥಳ. ಪ್ರತಿವರ್ಷ ಫೆಬ್ರವರಿಯಲ್ಲಿ ನಡೆಯುವ ಜಯಂತಿಗೆ ನೆರೆಯ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಮಾಲೆ ಧರಿಸಿ, ವ್ರತ ಹಿಡಿದು, ಕಾಲ್ನಡಿಗೆಯಲ್ಲಿ ಬರುವವರೂ ಅವರಲ್ಲುಂಟು. ಒಬ್ಬನೇ ನಡೆದರೆ ಮೊದಲ ಊರಿನಲ್ಲಿಯೇ ಕುಳಿತುಬಿಡುವವನು ಹತ್ತು ಮಂದಿಯ ನಡುವೆ ಕೊನೆಯವರೆಗೂ ನಡೆಯುತ್ತಾನೆ. ಇಬ್ಬರು ಗೆಳತಿಯರು ದಿನವೂ ಒಂದೇ ಹೊತ್ತಿಗೆ ಗ್ರಂಥಾಲಯಕ್ಕೆ ಹೋಗುವ ಒಪ್ಪಂದ ಮಾಡಿಕೊಂಡರೆ, ಒಬ್ಬಳಿಗೆ ಬೇಸರವಾದ ದಿನ ಇನ್ನೊಬ್ಬಳು ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ಒಬ್ಬಳಲ್ಲಿ ಬತ್ತಿದ ಹುರುಪನ್ನು ಮತ್ತೊಬ್ಬಳು ತುಂಬಿಕೊಡುತ್ತಾಳೆ.

ಅದೇ ನ್ಯಾಮತಿ ತಾಲ್ಲೂಕಿನಲ್ಲಿ, ಬೆಳಗುತ್ತಿಯ ಬಳಿಯ ಬೆಟ್ಟದ ಮೇಲೆ ತೀರ್ಥರಾಮೇಶ್ವರವೆಂಬ ಕ್ಷೇತ್ರವಿದೆ. ಅಲ್ಲಿ ಬೇಸಿಗೆಯಲ್ಲಿಯೂ ಬತ್ತದ ಒಂದು ಸಣ್ಣ ಒರತೆ. ನೆರೆಯ ಆರ್ಭಟ ಅದಕ್ಕಿಲ್ಲ, ದೊಡ್ಡ ಕೆರೆಯ ವಿಸ್ತಾರವೂ ಇಲ್ಲ. ಬಿದ್ದ ಮಳೆಯನ್ನು ಬೆಟ್ಟ ತನ್ನೊಡಲಿಗೆ ಇಳಿಸಿಕೊಂಡು, ಕಲ್ಲುಮಣ್ಣುಗಳ ನಡುವೆ ಸೋಸಿ, ಮೆಲ್ಲ ಮೆಲ್ಲನೆ ಹೊರಬಿಡುವುದರಿಂದಲೇ ಇಂಥ ಒರತೆಗಳು ಹುಟ್ಟುತ್ತವೆ. ಅಭ್ಯಾಸವೂ ಬಹುಕಾಲ ನಡೆದ ಮೇಲೆ ಹೀಗೆ ಸ್ವಭಾವವಾಗುತ್ತದೆ. ಆಗ ಏರಿಯ ಕಾವಲೂ ಹೆಚ್ಚು ಬೇಡ. ಓದದೆ ಮಲಗಿದರೆ ನಿದ್ದೆ ಬಾರದು. ಸತ್ಯವನ್ನು ಹೇಳಲು ಯೋಚಿಸಬೇಕಾಗಿಲ್ಲ. ದಾರಿಯಲ್ಲಿ ಮುಳ್ಳು ಕಂಡರೆ ಕೈ ತಾನಾಗಿ ಅದನ್ನು ಎತ್ತಿ ಬದಿಗಿಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆ ಪೂರ್ಣ ಸತ್ಯವಲ್ಲ. ಮಾಡಿ ಮಾಡಿ ಗಳಿಸಿಕೊಂಡ ಗುಣವೂ ಹುಟ್ಟುಗುಣದಷ್ಟೇ ಗಟ್ಟಿಯಾಗಬಲ್ಲುದು.

ಮನಸ್ಸು ಬರಲೆಂದು ಕಾಯುತ್ತ ಕುಳಿತವನು, ಬದುವನ್ನೇ ಹಾಕದೆ ಮುಗಿಲು ನೋಡುತ್ತ ಕುಳಿತ ರೈತನಂತೆ. ಮನಸ್ಸು ಬಂದ ಮೇಲೆ ಕೆಲಸವೆಂಬುದು ಅವನ ಲೆಕ್ಕ. ಆದರೆ ಎಷ್ಟೋ ಸಾರಿ ಕೆಲಸಕ್ಕೆ ಕುಳಿತ ಮೇಲೆಯೇ ಮನಸ್ಸು ಬರುತ್ತದೆ. ಸೂಳೆಕೆರೆಯ ಏರಿಯನ್ನು ಮಂತ್ರದಿಂದ ಯಾರೂ ನಿಲ್ಲಿಸಲಿಲ್ಲ. ಹೆಸರು ತಿಳಿಯದ ಅದೆಷ್ಟೋ ಕೈಗಳು ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊತ್ತು ಹಾಕಿದವು. ಅವರೆಲ್ಲರಿಗೂ ದಿನದಿನವೂ ಉತ್ಸಾಹವಿದ್ದಿರಲಾರದು. ಬುಟ್ಟಿ ಮಾತ್ರ ನಿಲ್ಲಲಿಲ್ಲ. ಇಂದು ಸಂಜೆ ಮನಸ್ಸಿಲ್ಲದಿದ್ದರೂ ಪುಸ್ತಕವನ್ನು ತೆರೆದು ಎರಡು ಪುಟ ಓದಿದ ವಿದ್ಯಾರ್ಥಿ ತನ್ನ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿದಂತಾಯಿತು. ನಾಳೆಗೆ ಇನ್ನೊಂದು ಬುಟ್ಟಿ ಸಾಕು.